ಎದುರಾಳಿಗೆ ಉಳಿಸಿಕೊಡುವ ಮಾತು: ಅಂತರ್ಜಾಲದ ಪಾತ್ರಧಾರಣೆಯ ಆಟಗಳು ಮತ್ತು ತಾಳಮದ್ದಳೆ

1

ಕಥೆಯೊಳಗೆ ಶತ್ರುಗಳಾದವರು ಕಥೆಯ ಹೊರಗೆ ಪಾಲುದಾರರಾಗಿರುವುದು ರಂಗಕಲೆಗಳಿಗೆ ಹೊಸದಲ್ಲ. ರಾಮನ ವೇಷದವನೂ ರಾವಣನ ವೇಷದವನೂ ಒಂದೇ ಚೌಕಿಯಲ್ಲಿ ಕುಳಿತು ಬಣ್ಣ ಹಚ್ಚಿಕೊಳ್ಳುತ್ತಾರೆ. ಆಡಬೇಕಾದ ಮಾತು ಮೊದಲೇ ಬರೆದಿಟ್ಟದ್ದಾದರೆ ಈ ಪಾಲುದಾರಿಕೆಗೆ ಹೆಚ್ಚಿನ ಅಪಾಯವಿಲ್ಲ. ಮಾತು ಆ ಕ್ಷಣದಲ್ಲಿಯೇ ಹುಟ್ಟಬೇಕಾದ ಕಡೆ ಪರಿಸ್ಥಿತಿ ಬೇರೆ. ಅಲ್ಲಿ ಎದುರಿನವನ ಮಾತು ಹರಿತವಾದಷ್ಟೂ ಕಥೆಗೆ ಲಾಭ. ಆದರೆ ಅದೇ ಹರಿತ ತನ್ನ ಪಾತ್ರಕ್ಕೆ ಗಾಯವನ್ನೂ ಮಾಡುತ್ತದೆ. ಕಥೆಯ ಲಾಭಕ್ಕಾಗಿ ತನ್ನ ಪಾತ್ರದ ಗಾಯವನ್ನು ಒಪ್ಪಿಕೊಳ್ಳುವವರು ಯಾರು, ಎಷ್ಟರ ಮಟ್ಟಿಗೆ ಎಂಬ ಪ್ರಶ್ನೆ ಆಗ ಏಳುತ್ತದೆ.

ಅಂತರ್ಜಾಲದಲ್ಲಿ ಪಾತ್ರಗಳನ್ನು ಧರಿಸಿ ಕಥೆ ಕಟ್ಟುವ ಬಳಗಗಳು ನಾಲ್ಕು ದಶಕಗಳಿಂದ ಈ ಪ್ರಶ್ನೆಯೊಡನೆ ಸೆಣಸುತ್ತಿವೆ. ಅವುಗಳ ಜಗಳಗಳಲ್ಲಿ ದೊಡ್ಡ ಪಾಲು ನಾಯಕ ಮತ್ತು ಪ್ರತಿನಾಯಕರ ನಡುವಿನ ನ್ಯಾಯಕ್ಕೆ ಸಂಬಂಧಿಸಿದ್ದು. ಖಳನ ಪಾತ್ರ ವಹಿಸಿದವನು ಸದಾ ಸೋಲಬೇಕೇ? ನಾಯಕನ ಪಾತ್ರ ವಹಿಸಿದವನು ಎಂದೂ ಗಾಯಗೊಳ್ಳದೆ ಇರಬಹುದೇ? ಇಂಥ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಬಲದ ಸಮತೋಲನದ ಭಾಷೆಯಲ್ಲಿ ಉತ್ತರ ಹುಡುಕಲಾಗುತ್ತದೆ: ಇಬ್ಬರಿಗೂ ಸಮಾನ ಶಕ್ತಿ, ಸಮಾನ ಅವಕಾಶ, ಸಮಾನ ಗೆಲುವು. ಈ ಭಾಷೆ ಸಾಲದು ಎಂಬುದು ಪ್ರಸ್ತುತ ಲೇಖನದ ವಾದ. ಪ್ರತಿನಾಯಕನಿಗೆ ಸಲ್ಲಬೇಕಾದ ನ್ಯಾಯ ಗೆಲುವಿಗಿಂತ ಮಾತಿಗೆ ಸೇರಿದ್ದು. ಅದರಲ್ಲಿ ಎರಡು ಅಂಶಗಳಿವೆ: ಉತ್ತರದ ಹಕ್ಕು ಮತ್ತು ಉತ್ತರದ ಹೊಣೆ. ತನ್ನ ಪಾತ್ರಕ್ಕೆ ಏನಾಯಿತೆಂದು ಹೇಳುವ ಅಧಿಕಾರ ಪ್ರತಿಯೊಬ್ಬನಿಗೂ ಇರಬೇಕು. ಎದುರಿನವನ ಹೊಡೆತವನ್ನು ಗಂಭೀರವಾಗಿ ಎತ್ತಿಕೊಂಡು ಉತ್ತರಿಸುವ ಬಾಧ್ಯತೆಯೂ ಇರಬೇಕು. ಈ ಎರಡನ್ನೂ ಬಹುಕಾಲದಿಂದ ರೂಢಿಸಿಕೊಂಡ ತಾಳಮದ್ದಳೆಯ ಜೊತೆಗಿಟ್ಟು ನೋಡಿದರೆ ಅಂತರ್ಜಾಲದ ಬಳಗಗಳ ಕಷ್ಟ ಎಲ್ಲಿದೆ ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ.

2

ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತು ಆಡುವ ಆ ಆಟದಲ್ಲಿ ಒಬ್ಬ ನಿರ್ವಾಹಕನಿರುತ್ತಾನೆ. ರಾಕ್ಷಸ, ದರೋಡೆಕೋರ, ದುಷ್ಟ ಮಾಂತ್ರಿಕ ಮೊದಲಾದ ಎದುರಾಳಿಗಳೆಲ್ಲರ ಮಾತೂ ಅವನದೇ. ಉಳಿದವರು ಒಂದು ತಂಡ. ಹೊಡೆತ ತಗಲಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಖಳನು ನಿರ್ವಾಹಕನ ಕೈಯಲ್ಲಿದ್ದುದರಿಂದ ಖಳನ ಸೋಲು ಆಟಗಾರರಲ್ಲಿ ಯಾರೊಬ್ಬರ ಸೋಲೂ ಆಗುತ್ತಿರಲಿಲ್ಲ. ನ್ಯಾಯದ ಪ್ರಶ್ನೆ ಆ ಮಟ್ಟಿಗೆ ಸರಳವಾಗಿತ್ತು.

ಗಣಕಯಂತ್ರದ ಜಾಲಕ್ಕೆ ಈ ಆಟ ಬಂದಾಗ ಆ ಸರಳತೆ ಉಳಿಯಲಿಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಆಟದಲ್ಲಿ ಬೇರೆ ಬೇರೆ ಕಡೆ ಕುಳಿತವರು ಒಂದೇ ಲೋಕದಲ್ಲಿ ಬರಹದ ಮೂಲಕ ಸಂಚರಿಸಬಹುದಾಗಿತ್ತು. 1989ರಲ್ಲಿ ಜೇಮ್ಸ್ ಆಸ್ಪ್‌ನೆಸ್ ರೂಪಿಸಿದ ‘ಟೈನಿಮಡ್’ ಕಾದಾಟವನ್ನು ಬದಿಗಿಟ್ಟು, ಮಾತು ಮತ್ತು ಲೋಕನಿರ್ಮಾಣಕ್ಕೆ ಪ್ರಾಶಸ್ತ್ಯ ಕೊಟ್ಟಿತು. ಈ ಪರಂಪರೆಯಿಂದಲೂ, ಸರದಿಯಂತೆ ಒಬ್ಬೊಬ್ಬರು ಒಂದೊಂದು ಖಂಡಿಕೆ ಬರೆದು ಕಥೆ ಬೆಳೆಸುವ ರೂಢಿಯಿಂದಲೂ ಇಂದಿನ ಪಾತ್ರಧಾರಣೆಯ ಬಳಗಗಳು ಬೆಳೆದಿವೆ. ಇವುಗಳಲ್ಲಿ ಅನೇಕ ಕಡೆ ದಾಳವಿಲ್ಲ. ಎಲ್ಲ ಖಳರನ್ನೂ ನುಡಿಸುವ ನಿರ್ವಾಹಕನಿಲ್ಲ. ಖಳನೂ ಒಬ್ಬ ಆಟಗಾರನ ಸ್ವಂತ ಸೃಷ್ಟಿ.

ಇಂಥ ಬಳಗಗಳು ಅನುಭವದಿಂದ ಕಂಡುಕೊಂಡ ಮೊದಲ ನಿಯಮ ವ್ಯಾಕರಣದ ನಿಯಮದಂತಿದೆ. ‘ಅವನು ಎದುರಾಳಿಯ ಭುಜದತ್ತ ಕತ್ತಿ ಬೀಸಿದನು’ ಎಂದು ಬರೆಯಬಹುದು. ‘ಅವನು ಎದುರಾಳಿಯ ಭುಜವನ್ನು ಸೀಳಿದನು’ ಎಂದು ಬರೆಯಬಾರದು. ಮೊದಲ ವಾಕ್ಯ ಯತ್ನವನ್ನು ಹೇಳಿ ನಿಲ್ಲುತ್ತದೆ. ಫಲವನ್ನು ಹೇಳುವ ಕೆಲಸ ಎದುರಿನವನಿಗೆ ಉಳಿಯುತ್ತದೆ. ಎರಡನೆಯದು ಯತ್ನ ಮತ್ತು ಫಲ ಎರಡನ್ನೂ ಒಬ್ಬನೇ ನುಂಗಿದ ವಾಕ್ಯ. ಇದನ್ನು ಆ ಬಳಗಗಳಲ್ಲಿ ‘ಗಾಡ್‌ಮೋಡಿಂಗ್’ ಎನ್ನುತ್ತಾರೆ; ದೇವರಂತೆ ಎಲ್ಲರ ಗತಿಯನ್ನೂ ತಾನೇ ಬರೆಯುವುದು ಎಂದು ಅರ್ಥ. ಇದರ ಜೊತೆಗೆ ಹೇಳಲಾಗುವ ಇನ್ನೊಂದು ದೋಷ ‘ಮೆಟಾಗೇಮಿಂಗ್’: ಆಟಗಾರನಿಗೆ ಮಾತ್ರ ತಿಳಿದದ್ದನ್ನು ಪಾತ್ರಕ್ಕೂ ತಿಳಿದಿದೆ ಎಂಬಂತೆ ಬಳಸುವುದು. ಖಳನು ಗುಟ್ಟಾಗಿ ಹೂಡಿದ ಸಂಚನ್ನು ಓದಿ ತಿಳಿದ ನಾಯಕನ ಆಟಗಾರ, ತನ್ನ ಪಾತ್ರ ಅಕಸ್ಮಾತ್ತಾಗಿ ಅದೇ ಜಾಗಕ್ಕೆ ಬಂದಂತೆ ಬರೆದರೆ ಖಳನ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಉತ್ತರದ ಹಕ್ಕನ್ನು ಈ ನಿಯಮ ಚೆನ್ನಾಗಿ ಕಾಯುತ್ತದೆ. ಆದರೆ ಹಕ್ಕು ಮಾತ್ರ ಇದ್ದು ಹೊಣೆ ಇಲ್ಲದಿದ್ದರೆ ಇನ್ನೊಂದು ಬಗೆಯ ಅನ್ಯಾಯ ಹುಟ್ಟುತ್ತದೆ. ತನ್ನ ಪಾತ್ರದ ಗತಿಯನ್ನು ತಾನೇ ಹೇಳುವ ಅಧಿಕಾರವಿರುವ ಆಟಗಾರ, ಬೀಸಿದ ಪ್ರತಿಯೊಂದು ಕತ್ತಿಯಿಂದಲೂ ತನ್ನ ನಾಯಕ ತಪ್ಪಿಸಿಕೊಂಡನೆಂದು ಬರೆಯುತ್ತ ಹೋಗಬಹುದು. ನಿಯಮದ ಪ್ರಕಾರ ಅದರಲ್ಲಿ ತಪ್ಪಿಲ್ಲ. ಕಥೆ ಮಾತ್ರ ಅಲ್ಲಿಗೆ ಸಾಯುತ್ತದೆ. ಖಳನಿಗೆ ಕತ್ತಿ ಬೀಸುವ ಸ್ವಾತಂತ್ರ್ಯ ಉಳಿದಿದ್ದರೂ ಆ ಕತ್ತಿಗೆ ಬೆಲೆ ಉಳಿದಿರುವುದಿಲ್ಲ.

3

ಉತ್ತರದ ಹಕ್ಕು ಕಸಿದುಹೋದರೆ ಆಗುವ ಹಾನಿ ಎಷ್ಟು ನಿಜವಾದದ್ದು ಎಂಬುದಕ್ಕೆ 1993ರ ಒಂದು ಘಟನೆ ಸಾಕ್ಷಿಯಾಗಿದೆ. ಪಾವೆಲ್ ಕರ್ಟಿಸ್ ರೂಪಿಸಿದ ‘ಲ್ಯಾಂಬ್ಡಾಮೂ’ ಎಂಬ ಬರಹಲೋಕದಲ್ಲಿ ‘ಮಿಸ್ಟರ್ ಬಂಗಲ್’ ಎಂಬ ಹೆಸರಿನ ಪಾತ್ರ, ಇತರರ ಪಾತ್ರಗಳು ಮಾಡದ ಕೃತ್ಯಗಳನ್ನು ಅವುಗಳೇ ಮಾಡಿದಂತೆ ತೋರಿಸುವ ಒಂದು ತಂತ್ರಾಂಶವನ್ನು ಬಳಸಿತು. ಅದರ ಮೂಲಕ ಕೆಲವು ಪಾತ್ರಗಳ ಮೇಲೆ ಬಹಿರಂಗವಾಗಿ ಲೈಂಗಿಕ ಹಿಂಸೆಯ ವರ್ಣನೆಗಳನ್ನು ಹೇರಲಾಯಿತು. ಜೂಲಿಯನ್ ಡಿಬೆಲ್ ಅದೇ ವರ್ಷದ ಡಿಸೆಂಬರಿನಲ್ಲಿ ‘ದಿ ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಪ್ರಕರಣ ಜಗತ್ತಿಗೆ ತಿಳಿಯಿತು.

ಲ್ಯಾಂಬ್ಡಾಮೂ ನಾಯಕ–ಖಳರ ಆಟವಾಗಿರಲಿಲ್ಲ. ಹರಟೆ, ಗೆಳೆತನ, ಲೋಕನಿರ್ಮಾಣಗಳ ತಾಣವಾಗಿತ್ತು. ಆದರೂ ಈ ಪ್ರಕರಣ ಇಲ್ಲಿ ಪ್ರಸ್ತುತ. ಬಂಗಲ್ ಒಂದು ದುಷ್ಟ ಪಾತ್ರ, ದುಷ್ಟ ಪಾತ್ರ ದುಷ್ಟತನವನ್ನಲ್ಲದೆ ಇನ್ನೇನನ್ನು ಮಾಡೀತು ಎಂಬ ಸಮರ್ಥನೆ ಇಂಥ ಸಂದರ್ಭಗಳಲ್ಲಿ ಸುಲಭವಾಗಿ ಬರುತ್ತದೆ. ಆ ಸಮರ್ಥನೆ ನಿಲ್ಲದು. ದುಷ್ಟ ಪಾತ್ರವೊಂದು ಬೆದರಿಕೆ ಹಾಕಬಹುದು, ಸಂಚು ಹೂಡಬಹುದು, ಕತ್ತಿ ಬೀಸಬಹುದು. ಬಂಗಲ್ ಮಾಡಿದ್ದು ಅದಲ್ಲ. ಎದುರಿನವರ ಬಾಯಿಯನ್ನೇ ಅವನು ತನ್ನದಾಗಿಸಿಕೊಂಡ. ಬರಹವೇ ದೇಹವಾಗಿರುವ ಲೋಕದಲ್ಲಿ ಒಬ್ಬರ ಪಾತ್ರದ ಪರವಾಗಿ ಇನ್ನೊಬ್ಬರು ಬರೆಯುವುದೆಂದರೆ ಆ ದೇಹವನ್ನು ವಶಪಡಿಸಿಕೊಂಡಂತೆ. ನೋವುಂಡವರು ಪಾತ್ರಗಳ ಹಿಂದಿದ್ದ ಮನುಷ್ಯರು.

ಅನಂತರ ನಡೆದದ್ದೂ ಗಮನಾರ್ಹ. ಬಳಗ ಸಭೆ ಸೇರಿ ಚರ್ಚಿಸಿತು, ಒಮ್ಮತ ಮೂಡಲಿಲ್ಲ, ಕೊನೆಗೆ ನಿರ್ವಾಹಕರಲ್ಲೊಬ್ಬ ತನ್ನ ವಿವೇಚನೆಯಿಂದಲೇ ಬಂಗಲ್ ಪಾತ್ರವನ್ನು ಅಳಿಸಿಹಾಕಿದ. ಬಳಿಕ ಕರ್ಟಿಸ್ ಮನವಿ ಮತ್ತು ಮತದಾನದ ವ್ಯವಸ್ಥೆಯನ್ನು ಜಾರಿಗೆ ತಂದರು. ಒಬ್ಬನ ವಿವೇಚನೆಗಿಂತ ಎಲ್ಲರೂ ಒಪ್ಪಿದ ಒಂದು ಪಠ್ಯ ಬೇಕು ಎಂಬ ಅರಿವು ಆ ಬಳಗಕ್ಕೆ ಬಂದದ್ದು ಹೀಗೆ.

4

ನಾಯಕ–ಖಳರ ನ್ಯಾಯವೇ ನೇರವಾಗಿ ವಿವಾದಕ್ಕೊಳಗಾದ ಪ್ರಕರಣ ‘ಸಿಟಿ ಆಫ್ ಹೀರೋಸ್’ ಆಟದ್ದು. 2004ರಲ್ಲಿ ಹೊರಬಂದ ಈ ಆಟದಲ್ಲಿ ಆಟಗಾರರು ಅತಿಮಾನುಷ ಶಕ್ತಿಯ ವೀರರನ್ನು ಸೃಷ್ಟಿಸಿಕೊಳ್ಳುತ್ತಿದ್ದರು. 2005ರಲ್ಲಿ ‘ಸಿಟಿ ಆಫ್ ವಿಲನ್ಸ್’ ಬಂದ ಮೇಲೆ ಖಳರಾಗುವ ಅವಕಾಶವೂ ದೊರೆಯಿತು. ಇಬ್ಬರೂ ಎದುರುಬದುರಾಗಿ ಕಾದಬಹುದಾದ ಪ್ರದೇಶಗಳಲ್ಲಿ ‘ರಿಕ್ಲೂಸಸ್ ವಿಕ್ಟರಿ’ ಒಂದು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಲೊಯೋಲಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಮೈಯರ್ಸ್ ಇಲ್ಲಿ ‘ಟ್ವಿಕ್ಸ್ಟ್’ ಎಂಬ ವೀರನ ಪಾತ್ರ ಧರಿಸಿ ಆಡಿ, ತಮ್ಮ ಅನುಭವವನ್ನು 2008ರಲ್ಲಿ ಪ್ರಬಂಧವಾಗಿ ಮಂಡಿಸಿದರು.

ಆ ಪ್ರದೇಶದಲ್ಲಿ ವೀರರೂ ಖಳರೂ ಕಾದಾಡುವ ಬದಲು ಪರಸ್ಪರ ಹರಟುತ್ತಲೋ, ಒಪ್ಪಂದ ಮಾಡಿಕೊಂಡು ದ್ವಂದ್ವಯುದ್ಧ ನಡೆಸುತ್ತಲೋ ಇರುವ ರೂಢಿ ಬೆಳೆದಿತ್ತು. ಟ್ವಿಕ್ಸ್ಟ್ ಈ ರೂಢಿಯನ್ನು ಲೆಕ್ಕಿಸಲಿಲ್ಲ. ಆಟವೇ ಕೊಟ್ಟ ಶಕ್ತಿಯನ್ನು ಬಳಸಿ ಖಳರನ್ನು ಇದ್ದಲ್ಲಿಂದ ಸೆಳೆದು, ವೀರರ ನೆಲೆಯನ್ನು ಕಾಯುವ ಯಂತ್ರಗಳ ಮುಂದೆ ಒಗೆಯುತ್ತಿದ್ದ. ಯಂತ್ರಗಳು ಅವರನ್ನು ಕ್ಷಣದಲ್ಲಿ ಮುಗಿಸುತ್ತಿದ್ದವು. ಬರೆದ ನಿಯಮದಲ್ಲಿ ಇದಕ್ಕೆ ತಡೆ ಇರಲಿಲ್ಲ. ಮೊದಲು ವಿನಂತಿ, ಆಮೇಲೆ ಬೈಗುಳ, ಕೊನೆಗೆ ಕೊಲೆಬೆದರಿಕೆಯವರೆಗೆ ಪ್ರತಿಕ್ರಿಯೆ ಬೆಳೆಯಿತು. ಖಳರಷ್ಟೇ ಅಲ್ಲದೆ ಸಹವೀರರೂ ಅವನನ್ನು ದೂರವಿಟ್ಟರು. ನಿಯಮವನ್ನು ಪಾಲಿಸಿದವನನ್ನು ಸಮುದಾಯ ತನ್ನ ರೂಢಿಯನ್ನು ಉಳಿಸಿಕೊಳ್ಳಲು ಕ್ರೂರವಾಗಿ ಶಿಕ್ಷಿಸಿತು ಎಂಬುದು ಮೈಯರ್ಸ್ ಅವರ ನಿಲುವು.

ಡಚ್ ಚಿಂತಕ ಯೋಹಾನ್ ಹೈಝಿಂಗಾ ತಮ್ಮ ‘ಹೋಮೋ ಲ್ಯೂಡನ್ಸ್’ ಗ್ರಂಥದಲ್ಲಿ (1938) ಮೋಸಗಾರ ಮತ್ತು ಆಟಗೆಡುಕ ಎಂಬ ಇಬ್ಬರನ್ನು ಬೇರ್ಪಡಿಸುತ್ತಾರೆ. ಮೋಸಗಾರ ಆಟಕ್ಕೆ ಬದ್ಧನಂತೆ ನಟಿಸುತ್ತಾನೆ; ಆಟಗೆಡುಕ ಆಟದ ಲೋಕವನ್ನೇ ಒಡೆಯುತ್ತಾನೆ; ಆದ್ದರಿಂದ ಸಮಾಜ ಮೋಸಗಾರನನ್ನು ಸಹಿಸಿದಷ್ಟು ಆಟಗೆಡುಕನನ್ನು ಸಹಿಸುವುದಿಲ್ಲ. ಟ್ವಿಕ್ಸ್ಟ್ ಮೋಸಗಾರನಲ್ಲ. ಬರೆದ ನಿಯಮದ ದೃಷ್ಟಿಯಿಂದ ಅವನು ಆಟಗೆಡುಕನೂ ಅಲ್ಲ. ರೂಢಿಯ ದೃಷ್ಟಿಯಿಂದ ಮಾತ್ರ ಹೌದು. ಹೀಗಾಗಿ ನಿಯಮವೋ ರೂಢಿಯೋ ಎಂಬ ಚರ್ಚೆಯಲ್ಲಿಯೇ ಈ ಪ್ರಕರಣ ಸಿಕ್ಕಿಕೊಂಡಿದೆ.

ಉತ್ತರದ ಹಕ್ಕು–ಹೊಣೆಗಳ ದೃಷ್ಟಿಯಿಂದ ನೋಡಿದರೆ ಎರಡೂ ಪಕ್ಷಗಳ ತಪ್ಪು ಬೇರೆಯಾಗಿ ಕಾಣುತ್ತದೆ. ಟ್ವಿಕ್ಸ್ಟ್‌ನ ತಂತ್ರದಲ್ಲಿ ಎದುರಾಳಿಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ಅವನನ್ನು ಮುಗಿಸುತ್ತಿದ್ದದ್ದು ವೀರನ ಕೈಯೂ ಅಲ್ಲ, ಯಂತ್ರ. ಅದು ಗೆಲುವೇನೋ ಹೌದು, ಆದರೆ ಎದುರಾಳಿಯೊಡನೆ ನಡೆದ ಕಾಳಗವಲ್ಲ. ಸಮುದಾಯದ ತಪ್ಪು ಇದಕ್ಕಿಂತ ದೊಡ್ಡದು. ಪಾತ್ರದ ಕೃತ್ಯಕ್ಕೆ ಅದು ಪಾತ್ರಧಾರಿಯ ಮೇಲೆ ಸೇಡು ತೀರಿಸಿಕೊಳ್ಳಹೊರಟಿತು. ಕಥೆಯೊಳಗಿನ ಶತ್ರುತ್ವವನ್ನು ಕಥೆಯ ಹೊರಗಿನ ಪಾಲುದಾರಿಕೆಯಿಂದ ಬೇರೆಯಾಗಿಡುವ ಗೆರೆಯನ್ನು ಬಂಗಲ್ ಒಂದು ಕಡೆಯಿಂದ ಅಳಿಸಿದರೆ, ಟ್ವಿಕ್ಸ್ಟ್‌ನನ್ನು ಬೆದರಿಸಿದವರು ಇನ್ನೊಂದು ಕಡೆಯಿಂದ ಅಳಿಸಿದರು.

5

ಈ ಗೆರೆಯನ್ನು ಬಹುಕಾಲದಿಂದ ಕಾಯ್ದುಕೊಂಡು ಬಂದ ಕಲೆಯೊಂದು ಕಾಸರಗೋಡಿನಿಂದ ಉತ್ತರಕ್ಕೆ ಕರಾವಳಿಯುದ್ದಕ್ಕೂ ಜೀವಂತವಾಗಿದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪ್ರಸಂಗದ ಪದ್ಯವನ್ನು ಹಾಡುತ್ತಾನೆ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಆ ಪದ್ಯಕ್ಕೆ ಪಾತ್ರವಾಗಿ ಆಶುಮಾತು ಕಟ್ಟುತ್ತಾರೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಕೂಟಗಳ ಭರಾಟೆ. ಬರಹದ ಬದಲು ನುಡಿ ಎಂಬುದನ್ನು ಬಿಟ್ಟರೆ, ಪಾತ್ರ ಧರಿಸಿ ಮಾತಿನಲ್ಲಿಯೇ ಲೋಕ ಕಟ್ಟುವ ಈ ಕೆಲಸ ಅಂತರ್ಜಾಲದ ಬಳಗಗಳ ಕೆಲಸಕ್ಕೆ ತೀರ ಹತ್ತಿರದ್ದು.

ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಸಲ್ಲುವ ರಾಮಾಯಣ ಪ್ರಸಂಗಗಳಲ್ಲಿ ವಾಲಿ–ಸುಗ್ರೀವರ ಕಾಳಗದ ಭಾಗ ಕೂಟಗಳಿಗೆ ಅಚ್ಚುಮೆಚ್ಚಿನದು. ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ವೈರವಿಲ್ಲದವನನ್ನು, ಬೇರೊಬ್ಬನೊಡನೆ ಕಾದುತ್ತಿದ್ದವನನ್ನು ಅಡಗಿ ಕೊಂದದ್ದು ಯಾವ ಧರ್ಮ? ವಾಲಿ ಸಾಯುತ್ತಾನೆ ಎಂಬುದು ಸಭೆಯಲ್ಲಿ ಎಲ್ಲರಿಗೂ ಗೊತ್ತು. ಅವನು ಕೊನೆಗೆ ರಾಮನಿಗೆ ಶರಣಾಗುತ್ತಾನೆ ಎಂಬುದೂ ಗೊತ್ತು. ಕೊನೆ ಗೊತ್ತಿರುವುದರಿಂದಲೇ ವಾಲಿಯ ಅರ್ಥಧಾರಿ ತನ್ನ ಪ್ರಶ್ನೆಯನ್ನು ಸಂಪೂರ್ಣ ಬಲದಿಂದ ಕೇಳಬಲ್ಲ. ರಾಮನ ಅರ್ಥಧಾರಿಗೂ ಗೆಲುವಿನ ಚಿಂತೆಯಿಲ್ಲ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಅಪರಾಧ, ದಂಡಿಸುವ ಅರಸನ ಹೊಣೆ ಮೊದಲಾದ ಉತ್ತರಗಳನ್ನು ಸಭೆ ಒಪ್ಪುವಂತೆ ಕಟ್ಟುವುದು ಅವನ ಸವಾಲು. ಸೋಲು ಪ್ರಸಂಗದಲ್ಲಿ ನಿಶ್ಚಿತವಾಗಿರುವಾಗ ಪ್ರತಿನಾಯಕನ ಮಾತಿಗೆ ಕಡಿವಾಣ ಹಾಕುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ಕಾಸರಗೋಡು ಸೀಮೆಯವರಾದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಕೀರ್ತಿ ದೊಡ್ಡ ಮಟ್ಟಿಗೆ ವಾಲಿ, ರಾವಣ, ಮಾಗಧರಂಥ ಪಾತ್ರಗಳಿಂದ ಬಂದದ್ದು ಎಂಬುದನ್ನು ಈ ಹಿನ್ನೆಲೆಯಲ್ಲಿ ನೆನೆಯಬೇಕು. ಸದಾ ಸೋಲುವ ಪಾತ್ರಗಳನ್ನು ವಹಿಸಿಯೂ ಒಬ್ಬ ಕಲಾವಿದ ಅಗ್ರಮಾನ್ಯನಾಗಲು ಸಾಧ್ಯವಾದದ್ದು, ಸೋಲು ಮತ್ತು ಹಿರಿಮೆ ಬೇರೆ ಬೇರೆ ಎಂದು ಆ ಕಲೆಯ ರಸಿಕರು ತಿಳಿದಿದ್ದರಿಂದ. ಪಂಪನ ಕರ್ಣನಿಗೂ ರನ್ನನ ದುರ್ಯೋಧನನಿಗೂ ಮನಸೋತ ಕಾವ್ಯಪರಂಪರೆಗೆ ಈ ತಿಳಿವು ಅಪರಿಚಿತವಲ್ಲ.

ಉತ್ತರದ ಹೊಣೆಯೂ ಇಲ್ಲಿ ಅಷ್ಟೇ ಕಟ್ಟುನಿಟ್ಟಾದದ್ದು. ಎದುರಿನ ಅರ್ಥಧಾರಿ ಎತ್ತಿದ ಪ್ರಶ್ನೆಯನ್ನು ಬಿಟ್ಟು ತಾನು ಸಿದ್ಧಪಡಿಸಿ ತಂದದ್ದನ್ನು ಒಪ್ಪಿಸಿದವನನ್ನು ಬಲ್ಲವರು ಮೆಚ್ಚುವುದಿಲ್ಲ. ಎಲ್ಲಕ್ಕಿಂತ ಕಷ್ಟದ ಘಟ್ಟ ವಾಲಿಯ ಪರಿವರ್ತನೆ. ಅಷ್ಟು ಹೊತ್ತು ಆಪಾದಿಸಿದವನು ರಾಮನ ಯಾವ ಮಾತಿಗೆ, ಯಾವ ಕ್ಷಣದಲ್ಲಿ ಕರಗಿದ ಎಂಬುದನ್ನು ಅರ್ಥಧಾರಿ ತೋರಿಸಲೇಬೇಕು. ಎದುರಿನವನ ಮಾತಿನಲ್ಲಿ ತನ್ನನ್ನು ಗೆದ್ದದ್ದು ಯಾವುದೆಂದು ಹುಡುಕಿ ಹೇಳುವುದು ಸೋಲುವವನ ಕೆಲಸ. ಹಾಗೆ ಗೆಲ್ಲಬಲ್ಲ ಮಾತನ್ನು ಒದಗಿಸುವುದು ಗೆಲ್ಲುವವನ ಕೆಲಸ.

ಆದರೂ ತಾಳಮದ್ದಳೆಯನ್ನು ಆದರ್ಶವೆಂದು ಬಗೆಯುವುದು ಸರಿಯಲ್ಲ. ಪ್ರಸಂಗಕ್ಕೆ ಸಂಬಂಧಿಸದ ಪುರಾಣದ ಮೂಲೆಯೊಂದನ್ನು ಕೆದಕಿ ಕಿರಿಯ ಅರ್ಥಧಾರಿಯನ್ನು ಕಟ್ಟಿಹಾಕುವುದು, ಹೊತ್ತಿನ ಪರಿವೆಯಿಲ್ಲದೆ ಮಾತು ಬೆಳೆಸಿ ಇನ್ನೊಬ್ಬನ ಪಾಲನ್ನು ಕಬಳಿಸುವುದು, ಪಾತ್ರದ ಜಗಳವನ್ನು ವ್ಯಕ್ತಿಯ ಪ್ರತಿಷ್ಠೆಗೆ ತಿರುಗಿಸುವುದು, ಇವೆಲ್ಲ ಕೂಟಗಳಲ್ಲಿ ಆಗುವ ಅನ್ಯಾಯಗಳೇ. ಆದರೆ ಅವುಗಳನ್ನು ತಡೆಯಲು ಒಬ್ಬನಿದ್ದಾನೆ. ಚರ್ಚೆ ಹದ ತಪ್ಪಿತೆಂದು ಕಂಡಾಗ ಭಾಗವತ ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾನೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಅವನ ಅಧಿಕಾರ ಸ್ವಂತ ಇಷ್ಟದಿಂದ ಬಂದದ್ದಲ್ಲ, ಎಲ್ಲರಿಗೂ ತಿಳಿದಿರುವ ಪ್ರಸಂಗದಿಂದ ಬಂದದ್ದು. ಅವನು ರಾಮನೂ ಅಲ್ಲ, ವಾಲಿಯೂ ಅಲ್ಲ.

6

ಎರಡು ಆಟಗಳ ನಡುವಿನ ವ್ಯತ್ಯಾಸಗಳನ್ನು ಈಗ ಗುರುತಿಸಬಹುದು. ಮೊದಲನೆಯದು ಒಡೆತನ. ವಾಲಿ ಯಾವ ಅರ್ಥಧಾರಿಯ ಸ್ವತ್ತೂ ಅಲ್ಲ. ಇಂದು ವಾಲಿಯಾದವನು ನಾಳೆಯ ಕೂಟದಲ್ಲಿ ರಾಮನಾಗಬಹುದು. ಸತ್ತ ವಾಲಿ ಮುಂದಿನ ವಾರ ಮತ್ತೆ ಹುಟ್ಟುತ್ತಾನೆ. ಅಂತರ್ಜಾಲದ ಪಾತ್ರವಾದರೋ ಒಬ್ಬನ ಸ್ವಂತ ಕಲ್ಪನೆ, ವರ್ಷಗಟ್ಟಲೆ ಬೆಳೆಸಿದ್ದು. ಅದರ ಸಾವು ಶಾಶ್ವತವಾಗಬಹುದು. ಆದ್ದರಿಂದ ಅಲ್ಲಿನ ಆಟಗಾರ ಸೋಲಿಗೆ ಹೆದರುವುದನ್ನು ಕ್ಷುಲ್ಲಕವೆಂದು ತಳ್ಳಿಹಾಕಲಾಗದು. ಎರಡನೆಯದು ಕೊನೆ. ಪ್ರಸಂಗವಿಲ್ಲದ ಆಟದಲ್ಲಿ ಪ್ರತಿಯೊಂದು ಘರ್ಷಣೆಯ ಫಲವೂ ತೆರೆದಿದೆ. ಅದನ್ನು ಕೈವಶ ಮಾಡಿಕೊಳ್ಳುವ ಆತುರವೇ ಗಾಡ್‌ಮೋಡಿಂಗ್‌ಗೆ ಮೂಲ. ಮೂರನೆಯದು ಮಧ್ಯಸ್ಥ. ಬಳಗದ ನಿರ್ವಾಹಕನಿಗೂ ಆಟದೊಳಗೆ ಒಂದು ಪಾತ್ರವಿದ್ದರೆ ಅವನ ತೀರ್ಪನ್ನು ನಂಬುವುದು ಕಷ್ಟ. ಅದು ಭಾಗವತನೇ ರಾಮನ ಅರ್ಥವನ್ನೂ ಹೇಳಿದಂತೆ.

ಇವುಗಳಿಂದ ಹೊರಡುವ ತೀರ್ಮಾನ ಸರಳವಾದದ್ದು. ಪ್ರಸಂಗವಿಲ್ಲದವರು ಚಿಕ್ಕ ಪ್ರಸಂಗವೊಂದನ್ನು ತಾವೇ ಮಾಡಿಕೊಳ್ಳಬೇಕು. ಕಾಳಗದ ಫಲವನ್ನು ಇಬ್ಬರು ಆಟಗಾರರೂ ಮೊದಲೇ ಮಾತಾಡಿ ನಿಶ್ಚಯಿಸಿಕೊಂಡರೆ ಕುತೂಹಲ ಕೆಡುತ್ತದೆ ಎಂಬ ಆಕ್ಷೇಪವಿದೆ. ವಾಲಿಯ ಸಾವು ಗೊತ್ತಿದ್ದೂ ಇರುಳು ಕಳೆಯುವ ಸಭೆಗಳು ಈ ಆಕ್ಷೇಪಕ್ಕೆ ಉತ್ತರ. ಕುತೂಹಲ ‘ಏನಾಗುತ್ತದೆ’ ಎಂಬುದರಿಂದ ‘ಹೇಗೆ ಆಗುತ್ತದೆ’ ಎಂಬುದಕ್ಕೆ ಸರಿಯುತ್ತದೆ; ಆಗ ಖಳನ ಪಾತ್ರ ವಹಿಸಿದವನು ತನ್ನ ಸೋಲನ್ನು ತಾನೇ ಚೆಲುವಾಗಿ ಬರೆಯಬಲ್ಲ. ಖಳನ ಆಟಗಾರನಿಗೆ ಮುಂದಿನ ಕಥೆಯಲ್ಲಿ ನಾಯಕನ ಸರದಿ ಸಿಗುವಂತೆ ಏರ್ಪಾಡಾದರೆ, ಸದಾ ಸೋಲುವ ಹೊರೆ ಒಬ್ಬನ ಹೆಗಲ ಮೇಲೆಯೇ ಉಳಿಯುವುದಿಲ್ಲ.

7

ಇನ್ನೊಂದು ಸಂಗತಿ ಗಡಿಯಾಚೆಯ ಕನ್ನಡಿಗರಿಗೆ ವಿಶೇಷವಾಗಿ ತಟ್ಟುವಂಥದ್ದು. ಕಾಸರಗೋಡಿನ ಕೂಟವೊಂದರಲ್ಲಿ ಕುಳಿತವರ ಮನೆಮಾತು ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಮಲಯಾಳಗಳಲ್ಲಿ ಯಾವುದೂ ಆಗಿರಬಹುದು. ಅರ್ಥ ಹೇಳುವ ಗ್ರಾಂಥಿಕ ಕನ್ನಡ ಅವರಲ್ಲಿ ಯಾರ ಅಡುಗೆಮನೆಯ ಮಾತೂ ಅಲ್ಲ. ರಾಮನೂ ವಾಲಿಯೂ ಆ ಭಾಷೆಯನ್ನು ಕಲಿತೇ ಬರಬೇಕು. ಆ ಮಟ್ಟಿಗೆ ಇಬ್ಬರೂ ಸಮಾನ ದೂರದಲ್ಲಿ ನಿಂತಿರುತ್ತಾರೆ. ಅಂತರ್ಜಾಲದ ದೊಡ್ಡ ಬಳಗಗಳಲ್ಲಿ ಆಟದ ಭಾಷೆ ಇಂಗ್ಲಿಷ್. ಕೆಲವರಿಗೆ ಅದು ಹುಟ್ಟುನುಡಿ, ಕೆಲವರಿಗೆ ಶಾಲೆಯಲ್ಲಿ ಕಲಿತದ್ದು. ಮಾತೇ ಆಯುಧವಾಗಿರುವ ಕಡೆ ತಡವರಿಸಿ ಬರೆಯುವವನು ಕತ್ತಿ ಎತ್ತುವ ಮೊದಲೇ ಸೋತಿರುತ್ತಾನೆ. ಎದುರಿನವನು ಬರೆದು ಮುಗಿಸುವವರೆಗೆ ಕಾಯಬೇಕೆಂಬ ಸರದಿಯ ನಿಯಮ ಈ ಕಾರಣಕ್ಕೆ ಶಿಷ್ಟಾಚಾರಕ್ಕಿಂತ ಹೆಚ್ಚಿನದು. ಉತ್ತರದ ಹಕ್ಕು ಇದೆ ಎನ್ನಬೇಕಾದರೆ ಉತ್ತರ ಹುಡುಕಿಕೊಳ್ಳುವಷ್ಟು ಹೊತ್ತೂ ಇರಬೇಕು.

ಕನ್ನಡದಲ್ಲಿ ಇಂಥ ಬಳಗಗಳು ಬೆಳೆಯುವುದಾದರೆ ಅವು ತಮ್ಮ ನಿಯಮಗಳನ್ನು ಇಂಗ್ಲಿಷಿನಿಂದ ಎರವಲು ತರಬೇಕಾಗಿಲ್ಲ. ಪ್ರಸಂಗ, ಪದ್ಯ, ಅರ್ಥ, ಭಾಗವತ ಎಂಬ ಮಾತುಗಳಲ್ಲಿ ಆಟದ ಒಂದು ಸಂವಿಧಾನವೇ ಅಡಗಿದೆ. ಇದಿರು ಕುಳಿತವನ ಮಾತು ಮುಗಿಯುವವರೆಗೆ ಕೇಳಿಸಿಕೊಂಡು ಆ ಮಾತಿಗೇ ಉತ್ತರ ಕಟ್ಟುವ ಅಭ್ಯಾಸವೂ ಅದರೊಡನೆ ಬಂದಿದೆ. ಆ ಅಭ್ಯಾಸವಿದ್ದ ಕಡೆ ಖಳನ ಪಾತ್ರ ವಹಿಸಲು ಯಾರೂ ಹಿಂಜರಿಯಬೇಕಾಗಿಲ್ಲ.